ಉದಗೀರದ ಹಳಿ

೧೯೫೬ರಲ್ಲಿ ರಾಜ್ಯಗಳ ಗಡಿ ಬದಲಾದ ಮೇಲೆ ಭಾಲ್ಕಿಯ ಹೆಂಗಸರ ಶಾಲೆಯ ಗೋಡೆಗೆ ಮೈಸೂರು ರಾಜ್ಯದ ಹೊಸ ನಕಾಶೆ ಬಂದಿತ್ತು. ಸುಭದ್ರಾಬಾಯಿಯ ಬೆರಳು ರೈಲು ಹಳಿ ಹಿಡಿದು ತವರಿಗೆ ಹೊರಟಿತು. ಭಾಲ್ಕಿ ದಾಟಿದ್ದೇ ತಡ, ಗಡಿಗೆರೆಯಲ್ಲಿ ಹಳಿ ನಿಂತುಬಿಟ್ಟಿತು. ಆಚೆ ಬರೀ ಬಿಳಿ ಕಾಗದ.

"ನಮ್ಮ ಉದಗೀರ ಎಲ್ಲದರಿ, ಮಾಸ್ತರ್ರ?"

"ಅದೀಗ ಮುಂಬಯಿ ರಾಜ್ಯಕ್ಕ ಹೋಗ್ಯದರಿ, ಬಾಯಿ," ಎಂದರು ಕಾಶೀರಾಮ ಮಾಸ್ತರರು.

ಆಕೆ ನಕಾಶೆ ಬಿಟ್ಟು ಮಾಸ್ತರರತ್ತ ತಿರುಗಿದಳು. "ಹಂಗಾದ್ರ ಪಂಚಮಿಗಿ ನಮ್ಮಣ್ಣ ಕರಿಲಿಕ್ಕ ಬರಲ್ಲೇನ್ರಿ?"

"ಅಣ್ಣನೂ ಮುಂಬಯಿಗಿ ಹೋದ್ನೇನವ್ವಾ!" ಹಿಂದೆ ಕುಳಿತ ಗೆಳತಿ ಖತೀಜಾ ಕಿಸಕ್ಕನೆ ನಕ್ಕಳು.

ಮಾಸ್ತರರು ನಗಲಿಲ್ಲ. "ಸರಕಾರ ಬದಲಾಗ್ಯದರಿ, ನೆಲ ಎಲ್ಲೂ ಹೋಗಿಲ್ಲ. ಭೂಗೋಳದಾಗ ಇದೇ ಮೊದಲನೇ ಪಾಠ," ಎಂದು ತಮ್ಮ ಪೆನ್ಸಿಲ್ ಆಕೆಯ ಕೈಗಿತ್ತರು.

ಬಿಳಿ ಕಾಗದದ ಮೇಲೆ ಸುಭದ್ರಾಬಾಯಿ ಉದಗೀರದ ಚುಕ್ಕೆಯಿಟ್ಟಳು. ಅಲ್ಲಿಂದ ಗಡಿ ದಾಟಿಸಿ ಭಾಲ್ಕಿಯವರೆಗೆ ಹಳಿ ಎಳೆದಳು, ಅಣ್ಣ ಬರುವ ದಿಕ್ಕಿನಲ್ಲೇ.