ಬಿಜಲಿಗೊಂದು ಹಿಡಿ ಅಗಸೆ

ಪೆಟ್ರೋಲ್ ಮುಗಿದ ಮೇಲೆ ಗದಗಿನ ಬಸ್ಸುಗಳನ್ನು ಕುದುರೆಗಳೇ ಎಳೆಯುತ್ತಿದ್ದವು. ಎಣ್ಣೆಕಾಳೆಲ್ಲ ವಿದ್ಯುತ್ ತಯಾರಿಸುವ ಯಂತ್ರಗಳ ಪಾಲಾಗಿ ಕುದುರೆಗಳಿಗೆ ಒಣಹುಲ್ಲೇ ಗತಿಯಾಗಿತ್ತು. ಹೆಣ್ಣು ಕುದುರೆಗಳು ಗಬ್ಬವಾದರೂ ಭ್ರೂಣ ಮೊದಲ ವಾರಗಳಲ್ಲೇ ಕರಗಿಹೋಗುತ್ತಿತ್ತು. ಇದ್ದ ಕುದುರೆಗಳಿಗೆ ವಯಸ್ಸಾಗಿತ್ತು; ಏರು ಬಂದರೆ ಪ್ರಯಾಣಿಕರು ತಾವಾಗಿಯೇ ಇಳಿದು ಬಸ್ಸು ನೂಕುತ್ತಿದ್ದರು.

ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲು ಆ ಪುಟ್ಟ ಜೀವಕ್ಕೆ ತಾಯಿಯ ಮೈಯ ಜಿಡ್ಡೇ ಆಸರೆಯಿರಬೇಕು, ಒಣಹುಲ್ಲಿನಿಂದ ಅದು ಬತ್ತಿರಬೇಕು ಎಂದು ಡಿಪೋದ ಪಶುವೈದ್ಯೆ ನೀಲಾಂಬಿಕೆಗೆ ಅನ್ನಿಸಿತು. ಅವಳು ಎಣ್ಣೆಕಾಳು ಕೇಳಿದ್ದೇ ತಡ, ಚಾಲಕರ ಮನೆಯ ಹೆಂಗಸರು ಚಟ್ನಿಗೆಂದು ಬಚ್ಚಿಟ್ಟಿದ್ದ ಅಗಸೆಯನ್ನೆಲ್ಲ ತಂದು ಸುರಿದರು. ಬಿಜಲಿ ಎಂಬ ಕುದುರೆ ಅದನ್ನು ತಿಂಗಳುಗಟ್ಟಲೆ ತಿಂದು ಗಬ್ಬವಾಯಿತು.

ಇಂದು ಸ್ಕ್ಯಾನ್. ನೀಲಾಂಬಿಕೆ ಸ್ಕ್ಯಾನಿನ ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು. ಹಿಂದೆಲ್ಲ ಗಬ್ಬದ ಇಷ್ಟು ದಿನಕ್ಕೆ ಪರದೆ ಖಾಲಿಯಾಗಿರುತ್ತಿತ್ತು.

"ಏನ್ ಕಾಣಾಕತ್ತೈತ್ರೀ, ಡಾಕ್ಟರ?" ಬಿಜಲಿಯ ಚಾಲಕ ದಾವಲಸಾಬ ಕೇಳಿದ.

ಕರಿಯ ಪರದೆಯ ನಡುವೆ ಜೋಳದ ಕಾಳಿನಷ್ಟು ಬೆಳಕೊಂದು ಮಿಡಿಯುತ್ತಿತ್ತು.

"ಎದಿ ಬಡಿಯಾಕತ್ತೈತಿ, ಸಾಬ! ಗಬ್ಬ ನಿಂತೈತಿ!"

ದಾವಲಸಾಬ ಬಿಜಲಿಯ ಕೊರಳಿಗೆ ಮುಖವೊತ್ತಿ ಬಿಕ್ಕಿದ. ಬಾಗಿಲಲ್ಲಿ ಕಾದಿದ್ದ ಹೆಂಗಸರು ಕೇಕೆ ಹಾಕುತ್ತ ನುಗ್ಗಿ, ನೀಲಾಂಬಿಕೆಯನ್ನು ಎತ್ತಿಕೊಂಡೇ ಬಿಟ್ಟರು.

"ನನ್ನ ಕೆಳಗ ಇಳಸ್ರೆವಾ," ಎಂದಳು ಅವಳು, ನಗುತ್ತಲೇ ಕಣ್ಣೊರೆಸಿಕೊಂಡು. "ಮುಂದಿನ ಕುದುರಿ ತರ್ರಿ."