ಫ್ಯಾನು ಕೂಗಿಸಿದ ಟ್ಯಾಬು

ಗಂಡನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ, ಅವನ ಫೋಟೋ ಹುಡುಕಲು ಅವಳು ಅವನ ಲ್ಯಾಪ್‌ಟಾಪ್ ತೆರೆದಳು. ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಮೈದುನನಿಗೆ ಫೋನ್ ಮಾಡಿದಳು.

"ಬ್ರೌಸರೇ ಪ್ರೊಸೆಸರ್ ತಿಂತಿದೆ ಅತ್ತಿಗೆ. ಟಾಸ್ಕ್ ಮ್ಯಾನೇಜರ್ ತೆಗೀರಿ. ಯಾವ ಟ್ಯಾಬು ಜಾಸ್ತಿ ತಿಂತಿದೆ?"

"ಲೈಬ್ರರಿದು. ತೊಂಬತ್ತೆಂಟು ಪರ್ಸೆಂಟ್! ಕ್ಷಣಕ್ಕೊಮ್ಮೆ ತಾನೇ ರಿಫ್ರೆಶ್ ಆಗ್ತಿದೆ."

"ಅಣ್ಣಂದೇ ಕಿತಾಪತಿ! ವಾಪಸ್ ಕೊಡೋ ಅವಧಿ ಮುಗಿದ ಕೂಡ್ಲೇ ಪುಸ್ತಕ ಮತ್ತೆ ತನ್ನ ಹೆಸರಿಗೇ ಬರ್ಲಿ ಅಂತ. ಪಾಪ, ಕಾಯ್ತಿದ್ದೋರು ಎಷ್ಟು ಬೈಕೊಂಡ್ರೋ!"

ಪುಸ್ತಕದ ಹೆಸರು ಓದಿದವಳೇ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ತುಂಬಾನೇ ಬೈಕೊಂಡ್ರು ಕಣೋ."

ಪುಸ್ತಕ ಗಂಡನ ಬ್ಯಾಗಿನ ತಳದಲ್ಲಿತ್ತು. ಅಂದೇ ಲೈಬ್ರರಿಗೆ ಹೋಗಿ ಹಿಂದಿರುಗಿಸಿದಳು.

ಕೌಂಟರಿನಾಕೆ ಸ್ಕ್ರೀನ್ ನೋಡಿ, ಮುದ್ರೆಯೊತ್ತಿ, ಪುಸ್ತಕವನ್ನು ಅವಳ ಕೈಗೇ ಕೊಟ್ಟಳು: "ಆರು ತಿಂಗಳಿಂದ ಕಾಯ್ತಿದ್ರಲ್ಲ ಮೇಡಂ, ಕೊನೆಗೂ ನಿಮ್ಮ ಸರದಿ ಬಂತು."