ಒಡೆದ ಸ್ಕ್ರೀನು

ಕೀಬೋರ್ಡ್ ಸರಿಮಾಡಿಸಲು ಕೊಟ್ಟಿದ್ದ ಲ್ಯಾಪ್‌ಟಾಪನ್ನು ಇತಿಹಾಸದ ಉಪನ್ಯಾಸಕಿ ಅನಸೂಯಾ ಅಂಗಡಿಯ ಕೌಂಟರಿನ ಮೇಲೆಯೇ ತೆರೆದು ಬೆರಳಾಡಿಸಿದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಸ್ಕ್ರೀನಿನ ಗಾಜಿನಲ್ಲಿ ಮೂಲೆಯಿಂದ ಮೂಲೆಗೆ ಬಿರುಕು ಬೆರಳಿಗೆ ಸಿಕ್ಕಿತು.

“ಇದು ಒಡೆದಿದೆಯಲ್ಲ?”

ಅಂಗಡಿಯ ಮಾಲೀಕ ಲೋಹಿತ್ ನಕ್ಕ. “ಒಡೆದಿದ್ರೆ ಏನು, ಒಡೀದಿದ್ರೆ ಏನು ಮೇಡಂ? ನಿಮಗೆ ಎರಡೂ ಒಂದೇ ಅಲ್ವಾ?”

ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಗಳಲ್ಲಿ ಇಬ್ಬರು ಕಿಸಕ್ಕನೆ ನಕ್ಕರು.

“ಕ್ಲಾಸಲ್ಲಿ ಮಕ್ಕಳಿಗೆ ನಕ್ಷೆ ತೋರಿಸೋಕೆ ಬೇಕು. ನಾನು ಕೊಟ್ಟಾಗ ಸರಿಯಿತ್ತು. ಬದಲಾಯಿಸಿಕೊಡಿ, ಇಲ್ಲಾಂದ್ರೆ ಗ್ರಾಹಕರ ಆಯೋಗಕ್ಕೆ ದೂರು ಕೊಡ್ತೀನಿ.”

“ಧಾರಾಳವಾಗಿ ಕೊಡಿ. ಅಲ್ಲಿ ಸಾಕ್ಷಿ ಕೇಳ್ತಾರೆ. ಕಣ್ಣಾರೆ ಕಂಡೆ ಅಂತೀರಾ?”

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಕಂಡು ಲೋಹಿತ್ ದನಿ ತಗ್ಗಿಸಿದ. “ಹೋಗ್ಲಿ ಬಿಡಿ, ಹೊಸದು ಹಾಕಿಕೊಡ್ತೀನಿ.” ಕಂಪ್ಯೂಟರಿನಲ್ಲಿ ಏನನ್ನೋ ಟೈಪಿಸಿ, ಪ್ರಿಂಟ್ ತೆಗೆದು, ಅಂಗಡಿಯ ಸೀಲು ಒತ್ತಿ, ಕಾಗದವನ್ನೂ ಪೆನ್ನನ್ನೂ ಅವರ ಕೈಗಿತ್ತ.

“ಏನು ಬರೆದಿದ್ದೀರಿ?”

“ಸ್ಕ್ರೀನ್ ನಮ್ಮ ಕೈಯಲ್ಲೇ ಒಡೆದಿದೆ, ಒಂದು ವಾರದಲ್ಲಿ ಬದಲಾಯಿಸಿಕೊಡ್ತೀವಿ ಅಂತ. ಸಹಿ ಹಾಕಿ. ನಿಮ್ಮಂಥೋರಿಗೆ ಮೋಸ ಮಾಡಿದ್ರೆ ದೇವರು ಮೆಚ್ತಾನಾ?”

ಅನಸೂಯಾ ಪೆನ್ನು ಕೆಳಗಿಟ್ಟರು. ಬ್ಯಾಗಿನಿಂದ ಫೋನು ತೆಗೆದು ಕಾಗದದ ಮೇಲೆ ಹಿಡಿದು ಒಂದು ಗುಂಡಿ ಒತ್ತಿದರು.

ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಫೋನು ಆ ಕಾಗದವನ್ನು ಓದತೊಡಗಿತು: “ಲ್ಯಾಪ್‌ಟಾಪ್ ತಂದುಕೊಡುವಾಗಲೇ ಸ್ಕ್ರೀನ್ ಒಡೆದಿತ್ತು. ಈ ಅಂಗಡಿಯ ಮೇಲೆ ನನ್ನದೇನೂ ದೂರಿಲ್ಲ.”